ದಸರಾ ರಜೆಯಲ್ಲಿ ಮಕ್ಕಳ ಕೈಗೆ ಏನು ಕೊಡಲಿ?

ಪ್ರಶ್ನೆ: ನಾವು ಸಿಂಧನೂರಿನವರು. ಮಗನಿಗೆ 9 ವರ್ಷ, ಮಗಳಿಗೆ ನಾಲ್ಕೂವರೆ. ಹೋದ ರಜೆಯಲ್ಲಿ ಮೊಬೈಲ್ ಬಿಡಿಸೋಣ ಅಂತ ವಿಡಿಯೋ ನೋಡಿ ಮಿಂಚಿನ ಪುಡಿ, ಬಣ್ಣದ ಹಾಳೆ, ಅಂಟು ಅಂತ ಸುಮಾರು 600 ರೂಪಾಯಿ ಸಾಮಾನು ತಂದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗೀತು. ಕೊನೆಗೆ ನಾನೇ ಮಾಡಿದೆ, ಅವರು ನೋಡಿದರು. ಆಮೇಲೆ ಅದು ನಂದು, ಇದು ನಿಂದು ಅಂತ ಜಗಳ ಬೇರೆ. ಮನೆಯಲ್ಲಿ ಓವನ್ ಇಲ್ಲ. ಈ ದಸರಾ ರಜೆಯಲ್ಲಿ ಮಕ್ಕಳ ಕೈಯಲ್ಲೇ ಆಗುವಂಥ ಸುಲಭದ ತಿಂಡಿ, ಕೈಕೆಲಸ ಏನಾದರೂ ಹೇಳಿ.

ಉತ್ತರ: "ಕೊನೆಗೆ ನಾನೇ ಮಾಡಿದೆ, ಅವರು ನೋಡಿದರು" ಅಂತ ಬರೆದಿದ್ದೀರಿ. ನನ್ನ ಹತ್ತಿರ ಬರುವ ಹೆಚ್ಚಿನ ತಾಯಂದಿರ ಮಾತೂ ಇದೇ. ಕೊಪ್ಪಳದಲ್ಲಿ ಸಣ್ಣ ಮಕ್ಕಳಿಗೆ ಕೈಕೆಲಸ ಕಲಿಸುತ್ತ ನಾನು ತಿಳಿದುಕೊಂಡಿದ್ದು ಒಂದಿದೆ. ಮಕ್ಕಳು ಎದ್ದು ಹೋಗುವುದು ಬೇಜಾರಾಗಿ ಅಲ್ಲ. ಆ ಕೆಲಸದಲ್ಲಿ ಅವರಿಗೆ ಕೆಲಸವೇ ಇರುವುದಿಲ್ಲ. ವಿಡಿಯೋದಲ್ಲಿ ತೋರಿಸುವ ವಸ್ತು ದೊಡ್ಡವರ ಬೆರಳಿಗೆ ಮಾಡಿದ್ದು. ಸಣ್ಣದಾಗಿ ಕತ್ತರಿಸಬೇಕು, ಬಿಸಿ ಅಂಟು ಹಾಕಬೇಕು, ನೇರ ಗೆರೆ ಎಳೆಯಬೇಕು. ನಾಲ್ಕೂವರೆ ವರ್ಷದ ಕೈಗೆ ಅದು ಆಗಲ್ಲ. ಆ ಕೈಗೆ ಉಂಡೆ ಮಾಡುವುದು, ಹಿಂಡುವುದು, ಉಜ್ಜುವುದು, ಒತ್ತುವುದು, ಕಲಸುವುದು ಬರುತ್ತೆ. ಅದೂ ಬಹಳ ಚೆನ್ನಾಗಿ ಬರುತ್ತೆ. ನಮ್ಮ ಕಡೆಯ ಹಬ್ಬದ ತಿಂಡಿ, ಹಬ್ಬದ ಗೊಂಬೆ ಎಲ್ಲ ಇಂಥ ಕೆಲಸದಿಂದಲೇ ಆಗುವಂಥವು. ಅದಕ್ಕೇ ನಾನು ಹೊಸದೇನನ್ನೂ ಹೇಳಲ್ಲ. ನಿಮ್ಮ ಮನೆಯ ಡಬ್ಬಿಯಲ್ಲಿ, ಹಿತ್ತಲಲ್ಲಿ ಇರುವುದನ್ನೇ ಹೇಳುತ್ತೇನೆ.

ಮೊದಲು ತಿಂಡಿ. ಇಲ್ಲಿ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಒಲೆಯ ಕೆಲಸ ಮೊದಲು ಮುಗಿದಿರಬೇಕು, ಕೈ ಕೆಲಸ ಆಮೇಲೆ ಶುರುವಾಗಬೇಕು. ಚಕ್ಕುಲಿ, ಕರ್ಚಿಕಾಯಿ ಮಕ್ಕಳ ಜೊತೆ ಬೇಡ. ಎಣ್ಣೆ ಕಾದಿರುವಾಗ ನಿಮ್ಮ ಕಣ್ಣು ಒಲೆ ಮೇಲೆ ಇರುತ್ತೆ, ಮಕ್ಕಳ ಮೇಲೆ ಇರಲ್ಲ. ಬೆಲ್ಲದ ಪಾಕವೂ ಬೇಡ. ಉಂಡಿಯ ಪಾಕ ಕುದಿಯುವ ನೀರಿಗಿಂತ ಬಿಸಿ, 110 ಡಿಗ್ರಿ ದಾಟಿರುತ್ತೆ. ನೀರಾದರೆ ಮೈಮೇಲಿಂದ ಹರಿದು ಹೋಗುತ್ತೆ. ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತೆ.

ಪಾಕ ಬೇಡದ ಉಂಡಿ ಅಂದರೆ ಶೇಂಗಾ ಉಂಡಿ. ಪಂಚಮಿಗೆ ನೀವು ಮಾಡಿಯೇ ಇರುತ್ತೀರಿ. ಈಗ ಅದನ್ನು ಮಕ್ಕಳಿಗೆ ಬಿಟ್ಟುಕೊಡಿ. ಕಾಲು ಕೆಜಿ ಶೇಂಗಾ ಬೀಜ, 150 ಗ್ರಾಂ ಬೆಲ್ಲ, ಎರಡು ಏಲಕ್ಕಿ ಸಾಕು. ಬೆಳಿಗ್ಗೆ ಮಕ್ಕಳು ಏಳುವ ಮೊದಲೇ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಹುರಿದು ಆರಲು ಬಿಡಿ. ಅವರು ತಿಂಡಿ ತಿಂದು ಬರುವಷ್ಟರಲ್ಲಿ ತಣ್ಣಗಾಗಿರುತ್ತೆ.

ಇನ್ನು ಅವರ ಕೆಲಸ. ಹುರಿದ ಶೇಂಗಾವನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಮಗಳ ಕೈಗೆ ಕೊಡಿ. ನೆಲದ ಮೇಲಿಟ್ಟು ಎರಡೂ ಅಂಗೈಯಿಂದ ಉಜ್ಜಲಿ. ಸಿಪ್ಪೆ ಬಿಡುತ್ತೆ. ಆಮೇಲೆ ಕೇರುವ ಮರಕ್ಕೆ (ಮೊರಕ್ಕೆ) ಸುರಿದು ಅಂಗಳಕ್ಕೆ ತೆಗೆದುಕೊಂಡು ಹೋಗಿ. ಮಗ ಕೇರಲಿ, ಮಗಳು ಊದಲಿ. ಕೆಂಪು ಸಿಪ್ಪೆ ಗಾಳಿಗೆ ಹಾರುವುದು ನೋಡಿ ಕುಣಿಯದ ಮಗುವನ್ನು ನಾನು ಈವರೆಗೆ ನೋಡಿಲ್ಲ. ಮನೆಯೊಳಗೆ ಮಾತ್ರ ಈ ಕೆಲಸ ಮಾಡಿಸಬೇಡಿ, ಮೂರು ದಿನ ಕಸ ಹೊಡೆಯಬೇಕಾಗುತ್ತೆ. ಕೇರಲು ಬರದಿದ್ದರೂ ಅಡ್ಡಿಯಿಲ್ಲ. ನಾಲ್ಕು ಕಾಳು ಚೆಲ್ಲಿದರೆ ಗುಬ್ಬಿ, ಅಳಿಲು ತಿನ್ನುತ್ತವೆ.

ಮಿಕ್ಸರ್‌ಗೆ ಹಾಕುವಾಗ ನೀವೇ ನಿಲ್ಲಿ. ಒಂದೇ ಸಮ ತಿರುಗಿಸಬೇಡಿ, ಬಿಟ್ಟು ಬಿಟ್ಟು ತಿರುಗಿಸಿ. ಜಾಸ್ತಿ ತಿರುಗಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ರವೆಯ ಹದಕ್ಕೆ ಬಂದಾಗ ಪುಡಿ ಮಾಡಿದ ಬೆಲ್ಲ, ಏಲಕ್ಕಿ ಹಾಕಿ ಇನ್ನೆರಡು ಸುತ್ತು ಸಾಕು. ಶೇಂಗಾದ ಎಣ್ಣೆಯೇ ಬೆಲ್ಲವನ್ನು ಹಿಡಿದುಕೊಳ್ಳುತ್ತೆ, ಬೇರೆ ಅಂಟು ಬೇಕಿಲ್ಲ. ಕಟ್ಟಲು ಬರದಿದ್ದರೆ ಒಂದು ಚಮಚ ಬಿಸಿ ತುಪ್ಪ ಹಾಕಿ. ಇಷ್ಟರಲ್ಲಿ ಇಪ್ಪತ್ತರಷ್ಟು ಸಣ್ಣ ಉಂಡಿ ಆಗುತ್ತವೆ. ಮಗಳು ಕಟ್ಟಿದ್ದು ವಾರೆಯಾಗಿದ್ದರೆ ದಯವಿಟ್ಟು ತಿದ್ದಬೇಡಿ. ನೀವು ಅವಳ ಕೈಯಿಂದ ತೆಗೆದು ದುಂಡಗೆ ಮಾಡಿದ ಕ್ಷಣ ಅದು ನಿಮ್ಮ ಉಂಡಿ ಆಗುತ್ತೆ.

ಒಂದು ಎಚ್ಚರಿಕೆ ಇದೆ. ಐದು ವರ್ಷ ತುಂಬದ ಮಗುವಿಗೆ ಇಡೀ ಶೇಂಗಾ ಬೀಜ ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ. ನಗುವಾಗ, ಓಡುವಾಗ ಉಸಿರಿನ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ. ಸಿಪ್ಪೆ ಉಜ್ಜುವಾಗ ಮಗಳ ಪಕ್ಕದಲ್ಲೇ ಕುಳಿತಿರಿ. ಮನೆಗೆ ಬೇರೆ ಮಕ್ಕಳು ಬಂದಿದ್ದರೆ ಶೇಂಗಾ ಆಗಿಬರುತ್ತಾ ಅಂತ ಅವರ ತಾಯಿಯನ್ನು ಒಂದು ಮಾತು ಕೇಳಿ. ಕೆಲವು ಮಕ್ಕಳಿಗೆ ಅದು ಮೈಗೆ ಒಗ್ಗುವುದೇ ಇಲ್ಲ.

ಒಲೆಯ ಕೆಲಸ ಇನ್ನೂ ಕಡಿಮೆ ಬೇಕು ಅಂದರೆ ಪುಟಾಣಿ, ಅಂದರೆ ಹುರಿಗಡಲೆಯ ಉಂಡಿ. ಒಂದು ಬಟ್ಟಲು ಪುಟಾಣಿ ಹಿಟ್ಟು, ಅರ್ಧ ಬಟ್ಟಲು ಸಕ್ಕರೆ ಪುಡಿ, ಕಾಲು ಬಟ್ಟಲು ಕರಗಿಸಿದ ಬೆಚ್ಚನೆ ತುಪ್ಪ. ಕಲಸಿ ಕಟ್ಟುವುದಷ್ಟೇ. ಹಿಟ್ಟು ಜರಡಿ ಹಿಡಿಯುವ ಕೆಲಸ ಸಣ್ಣವರಿಗೆ ತುಂಬ ಇಷ್ಟ.

ಖಾರಕ್ಕೆ ಒಗ್ಗರಣಿ. ಬಳ್ಳಾರಿ, ರಾಯಚೂರಿನಲ್ಲಿ ಹೀಗಂತಾರೆ, ನಮ್ಮಲ್ಲಿ ಕೆಲವರು ಸೂಸಲಾ ಅಂತಾರೆ. ಒಂದು ದೊಡ್ಡ ಬೋಗುಣಿಯಲ್ಲಿ ನೀರು ಇಡಿ. ಮಂಡಕ್ಕಿ ಮುಳುಗಿಸಿ, ತಕ್ಷಣ ಎತ್ತಿ, ಹಿಂಡಿ ಪಕ್ಕಕ್ಕೆ ಹಾಕುವುದು ಮಗಳ ಕೆಲಸ. ಪುಟಾಣಿ ಪುಡಿ ಮಾಡುವುದು, ಕೊತ್ತಂಬರಿ ಬಿಡಿಸುವುದು, ನಿಂಬೆಹಣ್ಣು ಹಿಂಡುವುದು ಮಗನ ಕೆಲಸ. ಉಳ್ಳಾಗಡ್ಡಿ, ಮೆಣಸಿನಕಾಯಿ, ಒಗ್ಗರಣೆ ನಿಮ್ಮದು. ಮಿರ್ಚಿ ಭಜಿ ಬೇಕೇ ಬೇಕು ಅಂತ ಹಟ ಮಾಡಿದರೆ ಅಂಗಡಿಯಿಂದ ತರಿಸಿಬಿಡಿ.

ಈಗ ಕೈಕೆಲಸ. ಇದರಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಮಣ್ಣಿನ ಮೇಲೆ.

ನಮ್ಮ ಕಡೆ ವರ್ಷಕ್ಕೆ ಐದು ಸಲ ಮಣ್ಣಿಗೆ ಪೂಜೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಆಮೇಲೆ ಜೋಕುಮಾರ. ದಸರಾ ಹೊತ್ತಿಗೆ ಐದೂ ಮುಗಿದಿರುತ್ತವೆ. ಆದರೆ ಮಳೆಗಾಲ ಈಗಷ್ಟೇ ಹೋಗಿರುತ್ತೆ, ಮಣ್ಣು ಕೈಗೆ ಮೆತ್ತಗೆ ಸಿಗುತ್ತೆ. ಮಕ್ಕಳಿಗೆ ಎತ್ತು ಮಾಡಲು ಅಮಾವಾಸ್ಯೆಯೇ ಬರಬೇಕು ಅಂತಿಲ್ಲ ಅಲ್ವಾ? ಜೋಡಿ ಎತ್ತು, ಎತ್ತಿನ ಮುಂದೆ ಮೇವಿಗೆ ಒಂದು ಗೋದಲಿ, ಪಕ್ಕದಲ್ಲಿ ಒಂದು ಬಾವಿ. ಮೂರು ದಿನದ ಆಟ ಆಯಿತು.

ಇಲ್ಲಿ ಒಂದು ತೊಡಕಿದೆ, ಅದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಮೊದಲು ಹೊಲದ ಎರೆಮಣ್ಣನ್ನೇ ನೇರವಾಗಿ ಕಲಸಿ ಹದಿನೈದು ಮಕ್ಕಳಿಂದ ಎತ್ತು ಮಾಡಿಸಿದೆ. ಕಲಸುವಾಗ ಬೆಣ್ಣೆಯ ಹಾಗೆ ಇತ್ತು. ಮರುದಿನ ಬಂದು ನೋಡಿದರೆ ಒಂದು ಎತ್ತಿನ ಬೆನ್ನೂ ಉಳಿದಿರಲಿಲ್ಲ, ಎಲ್ಲ ಸೀಳಿ ಹೋಗಿದ್ದವು. ಇಬ್ಬರು ಮಕ್ಕಳು ಅತ್ತೇಬಿಟ್ಟರು. ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ತಪ್ಪು ಮಕ್ಕಳದ್ದಲ್ಲ, ಮಣ್ಣಿನ ಗುಣವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗುವಾಗ ಅಷ್ಟೇ ಕುಗ್ಗುತ್ತೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದಕ್ಕೇ. ಎತ್ತಿನ ಬೆನ್ನಲ್ಲೂ ಆಗುವುದು ಅದೇ.

ಹಾಗಾಗಿ ನಾಲ್ಕು ಹಿಡಿ ಎರೆಮಣ್ಣಿಗೆ ಎರಡು ಹಿಡಿ ಜರಡಿ ಹಿಡಿದ ಉಸುಕು, ಒಂದು ಹಿಡಿ ಭತ್ತದ ಹೊಟ್ಟು ಸೇರಿಸಿ. ನಿಮ್ಮ ಸಿಂಧನೂರಿನಲ್ಲಿ ಹೊಟ್ಟಿಗೇನು ಬರ, ಸುತ್ತ ಎಲ್ಲಿ ನೋಡಿದರೂ ಅಕ್ಕಿ ಗಿರಣಿ. ಹತ್ತಿ ಸಿಕ್ಕಿದರೆ ಅದನ್ನೂ ಎಳೆ ಎಳೆಯಾಗಿ ಬಿಡಿಸಿ ಸೇರಿಸಬಹುದು. ಉಸುಕು ಕುಗ್ಗುವುದನ್ನು ಕಡಿಮೆ ಮಾಡುತ್ತೆ, ನಾರು ಸೀಳು ಬಿಡದಂತೆ ಹಿಡಿಯುತ್ತೆ. ನೀರು ಸ್ವಲ್ಪ ಸ್ವಲ್ಪವೇ ಹಾಕಿ. ರೊಟ್ಟಿ ಹಿಟ್ಟಿನ ಹದ ಬರಬೇಕು. ಚೆನ್ನಾಗಿ ತುಳಿಸಿ ಒಂದು ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಡಿ.

ಕಾಲು ಮುರಿಯುತ್ತೆ ಅನ್ನುವುದು ಎಲ್ಲ ಮಕ್ಕಳ ದೂರು. ಅದಕ್ಕೆ ಎರಡು ಉಪಾಯ. ಹೊಟ್ಟೆಯನ್ನೂ ಕಾಲನ್ನೂ ಬೇರೆ ಬೇರೆ ಮಾಡಿ ಅಂಟಿಸುವ ಬದಲು ಒಂದೇ ಮುದ್ದೆಯಿಂದ ಕಾಲನ್ನು ಹಿಂಡಿ ಎಳೆಯಲಿ. ಅಂಟಿಸಲೇಬೇಕಾದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ಮಣ್ಣಿನ ತೆಳು ರಾಡಿ ಹಚ್ಚಿ ಒತ್ತಲಿ. ಕುಂಬಾರರು ಹಿಡಿ ಕೂಡಿಸುವಾಗ ಹೀಗೇ ಮಾಡುತ್ತಾರೆ. ಒಣಗಿಸುವುದು ನೆರಳಲ್ಲಿ, ಎರಡು ಮೂರು ದಿನ. ಬಿಸಿಲಿಗಿಟ್ಟರೆ ಮೇಲೆ ಬೇಗ ಒಣಗಿ ಒಳಗೆ ಹಸಿ ಉಳಿಯುತ್ತೆ, ಮತ್ತೆ ಸೀಳು ಬಿಡುತ್ತೆ.

ಅಲಂಕಾರಕ್ಕೆ ಬಂದಾಗ ಒಂದು ಗಟ್ಟಿ ಮಾತು. ಗುಳ್ಳವ್ವನಿಗೆ ಗುಲಗಂಜಿ ಚುಚ್ಚುವ ರೂಢಿ ಇದೆ. ನೋಡಲು ಬಹಳ ಚೆಂದ, ಕೆಂಪು ಕಾಳಿಗೆ ಕಪ್ಪು ಬೊಟ್ಟು. ಆದರೆ ಅದರೊಳಗೆ ವಿಷ ಇದೆ. ಅಗಿದು ನುಂಗಿದರೆ ಒಂದೆರಡು ಕಾಳೂ ಸಣ್ಣ ಮಗುವಿನ ಜೀವಕ್ಕೆ ಅಪಾಯ. ನಾಲ್ಕೂವರೆ ವರ್ಷದ ಮಗಳಿರುವ ಮನೆಗೆ ಅದು ಬರುವುದೇ ಬೇಡ. ಸಜ್ಜೆ, ಅಗಸಿ, ಹುರುಳಿ, ಕುಸುಬಿ ಚುಚ್ಚಿಸಿ. ಎತ್ತಿನ ಕಣ್ಣಿಗೆ ಎರಡು ಹುರುಳಿ ಕಾಳು ಇಟ್ಟರೆ ಅದು ನಿಮ್ಮನ್ನೇ ನೋಡುತ್ತಿರುವ ಹಾಗೆ ಕಾಣುತ್ತೆ.

ಎತ್ತು ಆದ ಮೇಲೆ ಬಂಡಿ ಬೇಕು ಅಂತ ಮಗ ಕೇಳಿಯೇ ಕೇಳುತ್ತಾನೆ. ಒಣಗಿದ ಜೋಳದ ಕಣಿಕೆ ತರಿಸಿ. ಮೇಲಿನ ಸಿಬಿರು ಸುಲಿದರೆ ಒಳಗೆ ಬೆಂಡು. ಬೆಂಡನ್ನು ತುಂಡು ಮಾಡಿ, ಸಿಬಿರನ್ನೇ ಮೊಳೆಯ ಹಾಗೆ ಚುಚ್ಚಿ ಕೂಡಿಸಿದರೆ ಬಂಡಿ, ಕುರ್ಚಿ, ಕನ್ನಡಕ ಎಲ್ಲ ಆಗುತ್ತೆ. ಅಂಟೂ ಬೇಡ, ದಾರವೂ ಬೇಡ. ನಿಮ್ಮ ಮಾವನವರೋ ತಂದೆಯವರೋ ಚಿಕ್ಕಂದಿನಲ್ಲಿ ಮಾಡಿಯೇ ಇರುತ್ತಾರೆ. ಅವರನ್ನೇ ಕೂರಿಸಿ, ನನಗಿಂತ ಚೆನ್ನಾಗಿ ಕಲಿಸುತ್ತಾರೆ. ಸಿಬಿರು ಮಾತ್ರ ಬ್ಲೇಡಿನಷ್ಟು ಹರಿತ. ಸುಲಿಯುವುದು ದೊಡ್ಡವರ ಕೆಲಸ, ಚುಚ್ಚುವುದು ಮಗನ ಕೆಲಸ.

ದಸರಾಕ್ಕೇ ಅಂತ ಒಂದು ಹೇಳುತ್ತೇನೆ. ಇದು ಪೂರ್ತಿ ನಿಮ್ಮ ಮಗಳದ್ದು. ಒಂದು ಚಮಚ ಅರಿಶಿನವನ್ನು ಅರ್ಧ ಲೋಟ ನೀರಿಗೆ ಹಾಕಿ. ಬಿಳಿ ಹಾಳೆಗೆ ಅದನ್ನು ಹತ್ತಿಯಿಂದ ಬಳಿಯಲಿ. ಒಣಗಿದ ಮೇಲೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬೆರಳು ಅದ್ದಿ ಹಾಳೆ ಮೇಲೆ ಇಡಲಿ. ಹಳದಿ ಹೋಗಿ ಕೆಂಪು ಬೊಟ್ಟು ಮೂಡುತ್ತೆ! ಅದರ ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿ ನೀರು ಕೆಂಪಾಗುತ್ತಲ್ಲ, ಅದೇ ಗುಣ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಅದಕ್ಕೇ ಸೋಡಾ. ಬೆಂಡೆಕಾಯಿ ತೊಟ್ಟಿನ ಕಡೆ ಕತ್ತರಿಸಿ ಸೋಡಾ ನೀರಿಗೆ ಅದ್ದಿ ಒತ್ತಿದರೆ ಕೆಂಪು ಹೂವು ಬೀಳುತ್ತೆ. ಆ ಹಾಳೆಯನ್ನು ಮಡಚಿ ಮಗ ಸಣ್ಣ ಲಕೋಟೆ ಮಾಡಲಿ. ವಿಜಯದಶಮಿ ಸಂಜೆ ಒಳಗೆ ನಾಲ್ಕು ಬನ್ನಿ ಎಲೆ ಹಾಕಿ ಓಣಿಯಲ್ಲಿ ಕೊಟ್ಟು ಬರಲಿ. "ಬನ್ನಿ ತೊಗೊಂಡು ಬಂಗಾರದಂಗ ಇರೋಣ" ಅಂತ ಮಗಳು ತನ್ನ ಕೈಯ ಲಕೋಟೆ ಕೊಟ್ಟರೆ ಯಾವ ಅಜ್ಜಿ ಬರಿಗೈಯಲ್ಲಿ ಕಳಿಸುತ್ತಾಳೆ?

ರಜೆ ಉದ್ದ ಇದೆಯಾದರೆ ಕಾಗದದ ಮುದ್ದೆಯಿಂದ ಮುಖವಾಡ ಮಾಡಿಸಿ. ಹಳೆ ಪತ್ರಿಕೆ ಹರಿದು ರಾತ್ರಿ ನೆನೆಸಿ, ಬೆಳಿಗ್ಗೆ ಕೈಯಲ್ಲಿ ಹಿಸುಕಿ ಹಿಂಡಿ. ಅಂಟಿಗೆ ಹುಣಸೆ ಬೀಜ. ಹುರಿದು ಕುಟ್ಟಿ ಸಿಪ್ಪೆ ತೆಗೆದು, ರಾತ್ರಿಯೆಲ್ಲ ನೆನೆಸಿ, ರುಬ್ಬಿ, ನೀರು ಹಾಕಿ ಕುದಿಸಿದರೆ ಗಟ್ಟಿ ಅಂಟು. ಇದು ನಮ್ಮ ಕಿನ್ನಾಳದ ಚಿತ್ರಗಾರರ ಅಂಟು. ಅವರು ಹಗುರ ಮರ ಕೆತ್ತಿ ಗೊಂಬೆ ಮಾಡುವಾಗ ಈ ಅಂಟಿಗೆ ಮರದ ಹೊಟ್ಟು, ನಾರು ಕಲಸಿ 'ಕಿಟ್ಟ' ಅಂತ ಮಾಡುತ್ತಾರೆ. ಜೋಡಿಸಿದ ಗೊಂಬೆಯ ಮೈಗೆಲ್ಲ ಅದನ್ನು ಕೈಯಿಂದ ಹಚ್ಚುತ್ತಾರೆ. ಆ ಊರಿನದೇ ಅಂತ ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದ ಕಲೆ ಅದು. ಕೊಪ್ಪಳದಿಂದ ಹತ್ತಿರವೇ ಊರು. ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳನ್ನು ಕರೆದುಕೊಂಡು ಬನ್ನಿ, ಗೊಂಬೆಗೆ ಕಣ್ಣು ಬರೆಯುವುದನ್ನು ಅವರು ಹತ್ತಿರದಿಂದ ನೋಡಲಿ. ಬರಲು ಆಗದಿದ್ದರೆ ಮೈದಾ ಅಂಟೂ ನಡೆಯುತ್ತೆ. ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ, ಎಣ್ಣೆ ಸವರಿ, ಮೇಲೆ ಮುದ್ದೆ ಹಚ್ಚಿ. ಇದನ್ನು ಬಿಸಿಲಲ್ಲೇ ಒಣಗಿಸಬಹುದು, ನಮ್ಮ ಬಿಸಿಲಿಗೆ ಎರಡು ದಿನ ಸಾಕು. ಅಂಜನಾದ್ರಿ ನಮ್ಮ ಜಿಲ್ಲೆಯಲ್ಲೇ ಇರುವುದರಿಂದಲೋ ಏನೋ, ನನ್ನ ಮಕ್ಕಳೆಲ್ಲ ಮೊದಲು ಮಾಡುವುದು ಹನುಮಪ್ಪನ ಮುಖ.

ಕೊನೆಯದು ರಾತ್ರಿಯ ಕೆಲಸ, ಮೊಬೈಲ್ ಬಿಡಿಸಲು ಇದರಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ. ಅದು ತೊಗಲುಗೊಂಬೆ ಆಟ, ತೊಗಲಿನ ಬದಲು ಕಾಗದದಲ್ಲಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಗಾಂಧೀಜಿಯ ಕಥೆಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಪರದೆ ಮೇಲೆ ಆಡಿಸಿದವರು. ನಿಮ್ಮ ಮಗ ತನ್ನ ಶಾಲೆಯ ಕಥೆಯನ್ನೇ ಆಡಿಸಲಿ.

ಹಳೆ ಲಗ್ನಪತ್ರಿಕೆ ಗೊಂಬೆಗೆ ಹೇಳಿ ಮಾಡಿಸಿದ ದಪ್ಪ. ಆದರೆ ಅದರ ನೆರಳು ಬರೀ ಕಪ್ಪು. ಬಣ್ಣದ ನೆರಳು ಬೇಕಾದರೆ ಚಿತ್ರಕಲೆಯ ಬಿಳಿ ಹಾಳೆಗೆ ಬಣ್ಣ ಹಚ್ಚಿ, ಕತ್ತರಿಸಿ, ಎರಡೂ ಬದಿಗೆ ಅಡುಗೆ ಎಣ್ಣೆ ಸವರಿ ಒರೆಸಿ. ಎಣ್ಣೆ ಕಾಗದದ ನಾರಿನ ಸಂದಿನಲ್ಲಿ ತುಂಬಿಕೊಂಡು ಬೆಳಕನ್ನು ಬಿಡುತ್ತೆ. ತೊಗಲನ್ನು ಹದ ಮಾಡಿ ತೆಳ್ಳಗೆ ಮಾಡುವುದೂ ಬೆಳಕು ಹಾಯಲಿ ಅಂತಲೇ. ಕೈಯನ್ನು ಬೇರೆ ಕತ್ತರಿಸಿ, ದಾರದ ಗಂಟಿನಿಂದ ಭುಜಕ್ಕೆ ಕಟ್ಟಿದರೆ ಆಡುತ್ತೆ. ಬೆನ್ನಿಗೊಂದು, ಕೈಗೊಂದು ಕಸಬರಿಗೆ ಕಡ್ಡಿ.

ಬಾಗಿಲಿಗೆ ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿ. ಹಿಂದೆ ನಾಲ್ಕೈದು ಅಡಿ ದೂರದಲ್ಲಿ ಮೊಬೈಲಿನ ಟಾರ್ಚ್ ಇಡಿ. ಹೌದು, ಅದೇ ಮೊಬೈಲ್! ಅದರ ಬೆಳಕು ಒಂದೇ ಚುಕ್ಕೆಯಿಂದ ಬರುವುದರಿಂದ ನೆರಳು ಸ್ಪಷ್ಟ. ಟ್ಯೂಬ್‌ಲೈಟ್ ಹಿಡಿದರೆ ಕಲಸಿ ಹೋಗುತ್ತೆ. ಗೊಂಬೆಯನ್ನು ಪಂಚೆಗೆ ಒತ್ತಿ ಹಿಡಿದರೆ ಸಣ್ಣದಾಗಿ ಚೊಕ್ಕ ಕಾಣುತ್ತೆ, ಟಾರ್ಚ್ ಕಡೆ ಸರಿಸಿದರೆ ರಾಕ್ಷಸನ ಹಾಗೆ ಬೆಳೆಯುತ್ತೆ. ಇದನ್ನು ನೀವು ಹೇಳಿಕೊಡಬೇಡಿ, ಅವರೇ ಕಂಡುಹಿಡಿಯಲಿ.

ಇನ್ನು ಜಗಳದ ವಿಚಾರ. ಒಂದೇ ವಸ್ತುವನ್ನು ಇಬ್ಬರಿಂದ ಮಾಡಿಸಿದರೆ ಜಗಳ ಆಗೇ ಆಗುತ್ತೆ, ಅದು ಮಕ್ಕಳ ತಪ್ಪಲ್ಲ. ಕೆಲಸವನ್ನು ಹಂಚಬಹುದು, ಮಾಡಿದ್ದನ್ನು ಹಂಚಬಾರದು. ಉಂಡಿಗೆ ಎರಡು ತಟ್ಟೆ ಇಡಿ. ಮಣ್ಣು ಹಸಿ ಇರುವಾಗಲೇ ಅವರವರ ಎತ್ತಿನ ಹೊಟ್ಟೆ ಕೆಳಗೆ ಗುರುತು ಹಾಕಿಸಿ. ಮಗ ಹೆಸರು ಬರೆಯಲಿ. ಬರೆಯಲು ಬರದ ಮಗಳು ಹೆಬ್ಬೆರಳು ಒತ್ತಲಿ. ಒಣಗಿದ ಮೇಲೂ ಆ ಹೆಬ್ಬೆರಳಿನ ಗೆರೆ ಹಾಗೇ ಇರುತ್ತೆ.